ಜಳಕೋಟಕ್ಕೆ 896 ಕೂಡಿಸಿದರೆ ಏನು ಬರುತ್ತದೆ? ನಿಮಗಿದು ಗೊತ್ತೇ?

ಜಳಕೋಟ ಎಲ್ಲಿದೆ ಹೇಳಿ? ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿ, ಉದಗೀರದ ಪಕ್ಕದ ತಾಲ್ಲೂಕು. ಇತ್ತ ನಿಲಂಗಾ, ಅತ್ತ ಧಾರಾಶಿವ ಜಿಲ್ಲೆಯ ಉಮರ್ಗಾ. ಬೀದರ್ ಕಡೆಯ ಕನ್ನಡ, ಮರಾಠಿ, ದಖನಿ ಉರ್ದು, ತಾಂಡಾಗಳ ಲಂಬಾಣಿ, ಸ್ವಲ್ಪ ಆಚೆ ಹೋದರೆ ತೆಲುಗು. ಇಷ್ಟು ಭಾಷೆಗಳು ಕಿವಿಗೆ ಬೀಳುವ ಗಡಿ ಇದು!

ಈ ಊರಿನ ಹೆಸರನ್ನು ಕಂಪ್ಯೂಟರ್ ಹೇಗೆ ನೆನಪಿಡುತ್ತದೆ ಗೊತ್ತೇ? ಐದು ಸಂಖ್ಯೆಗಳಾಗಿ! ಕನ್ನಡದಲ್ಲಿ ‘ಜಳಕೋಟ’ ಎಂದು ಬೆರಳಚ್ಚಿಸಿದರೆ ಅದರ ಹೊಟ್ಟೆಗೆ ಹೋಗುವುದು 3228, 3251, 3221, 3275, 3231. ಜ, ಳ, ಕ, ಓಕಾರದ ಗುರುತು, ಟ. ಅಷ್ಟೇ.

ಈಗ ಅದೇ ಹೆಸರನ್ನು ಮರಾಠಿಯಲ್ಲಿ ಬೆರಳಚ್ಚಿಸಿ. 2332, 2355, 2325, 2379, 2335. ಎರಡೂ ಸಾಲುಗಳನ್ನು ಪಕ್ಕದಲ್ಲಿಟ್ಟು ಕಳೆದು ನೋಡಿ. ಪ್ರತಿ ಸಲವೂ 896! ಮರಾಠಿ ಜಳಕೋಟದ ಒಂದೊಂದು ಅಕ್ಷರಕ್ಕೂ 896 ಕೂಡಿಸಿದರೆ ಕನ್ನಡದ ಜಳಕೋಟ ಸಿದ್ಧ!

ತೆಲುಗಿಗೆ? ಇನ್ನೂ ಸುಲಭ. ಕನ್ನಡದ ಸಂಖ್ಯೆಯಲ್ಲಿ 128 ಕಳೆಯಿರಿ. ತೆಲುಗು ಜಳಕೋಟ ಬಂದೇಬಿಟ್ಟಿತು!

ಇದು ಕಾಕತಾಳೀಯವಲ್ಲ. ಭಾರತೀಯ ಮಾನಕ ಬ್ಯೂರೊ 1991ರಲ್ಲಿ ‘ಇಸ್ಕಿ’ ಎಂಬ ಸಂಕೇತಪಟ್ಟಿಯನ್ನು ಪ್ರಕಟಿಸಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲಕ್ಕೂ ಒಂದೇ ಪಟ್ಟಿ ಸಾಕು ಎಂಬುದು ಅದರ ಲೆಕ್ಕಾಚಾರ. ಜಗತ್ತಿನ ಲಿಪಿಗಳನ್ನೆಲ್ಲ ಸೇರಿಸಿದ ಯೂನಿಕೋಡ್ ಕೂಡ ಭಾರತದ ಪ್ರಮುಖ ಲಿಪಿಗಳಿಗೆ ಇಸ್ಕಿಯ 1988ರ ಆವೃತ್ತಿಯ ಜೋಡಣೆಯನ್ನೇ ಎತ್ತಿಕೊಂಡಿತು. ಅವುಗಳಲ್ಲಿ ಪ್ರತಿ ಲಿಪಿಗೆ 128 ಸ್ಥಾನ. ಪ್ರತಿಯೊಂದರಲ್ಲೂ ‘ಕ’ ಅದೇ ಜಾಗದಲ್ಲಿ!

ಹೌದು, ಗ್ಯಾಸ್ ಒಲೆಯ ಮೇಲೆ ಐಎಸ್‌ಐ ಮುದ್ರೆ ಬೀಳುತ್ತದಲ್ಲ, ಅದೇ ಬ್ಯೂರೊ! ಒಲೆಗೂ ಮಾನಕ, ‘ಒ’ ಅಕ್ಷರಕ್ಕೂ ಮಾನಕ.

ಉರ್ದು ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಬಲದಿಂದ ಎಡಕ್ಕೆ ಓಡುವ ಆ ಲಿಪಿಗೆ ಬೇರೆಯೇ ಪಟ್ಟಿ. ಅಲ್ಲಿ ‘ಕ’ದ ಸಂಖ್ಯೆ 1705. 896 ಅಲ್ಲ, ಏನು ಕೂಡಿಸಿದರೂ ಇಡೀ ಹೆಸರು ಹೊಂದುವುದಿಲ್ಲ!

ಇನ್ನೊಂದು ಕೇಳಿ. ಕೀಲಿಮಣೆಯಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸ ಆರಿಸಿಕೊಂಡು ಇಂಗ್ಲಿಷಿನ ‘ಕೆ’ ಗುಂಡಿ ಒತ್ತಿ. ಕನ್ನಡದಲ್ಲಿ ಕ. ಮರಾಠಿಗೆ ಬದಲಾಯಿಸಿ ಅದನ್ನೇ ಒತ್ತಿ. ಮರಾಠಿ ಕ. ತೆಲುಗಿನಲ್ಲೂ ಕ. ಒಂದು ಲಿಪಿ ಕಲಿತ ಬೆರಳುಗಳು ಉಳಿದವನ್ನು ಬಿಟ್ಟಿಯಾಗಿ ಕಲಿತಂತೆಯೇ!

ಆದರೆ ಒಂದು ಬೆರಗಿನ ತೊಡಕಿದೆ. ‘ಕೋ’ ಎಂಬ ಒಂದು ಅಕ್ಷರವನ್ನು ಕಂಪ್ಯೂಟರಿನಲ್ಲಿ ಮೂರು ಬಗೆಯಲ್ಲಿ ಬರೆಯಬಹುದು! ಓಕಾರದ ಒಂದೇ ಗುರುತು ಹಾಕಿ. ಇಲ್ಲವೇ ಒಕಾರ ಹಾಕಿ ಮೇಲೊಂದು ದೀರ್ಘ ಸೇರಿಸಿ. ಅದೂ ಬೇಡವೆಂದರೆ ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಂಡು ಜೋಡಿಸಿ. ಕಣ್ಣಿಗೆ ಮೂರೂ ಒಂದೇ. ಕಂಪ್ಯೂಟರಿಗೆ ಮೂರೂ ಬೇರೆ ಬೇರೆ!

ಹಾಗಾದರೆ ಸಾವಿರ ಪುಟದ ಕಡತದಲ್ಲಿ ‘ಜಳಕೋಟ’ ಹುಡುಕಿದರೆ ಏನಾಗಬಹುದು? ಮೂರರಲ್ಲಿ ಎರಡು ಬಗೆಯ ಜಳಕೋಟಗಳು ಸಿಗದೇ ಹೋಗಬಹುದು. ಊರು ಎದುರಿಗೇ ಇದೆ, ಯಂತ್ರ ‘ಇಲ್ಲ’ ಎನ್ನುತ್ತದೆ! ಅದಕ್ಕೇ ಯೂನಿಕೋಡಿನಲ್ಲಿ ಈ ಮೂರನ್ನೂ ಒಂದೇ ರೂಪಕ್ಕೆ ತರುವ ನಿಯಮವಿದೆ. ಭಾಷಾ ಸಂಶೋಧಕರು ಕೆಲಸ ಆರಂಭಿಸುವ ಮೊದಲೇ ಈ ಶುದ್ಧಿ ಮಾಡಿಕೊಳ್ಳುತ್ತಾರೆ.

ಇನ್ನು ಇದನ್ನು ಕೇಳಿದರೆ ನೀವು ನಂಬಲಿಕ್ಕಿಲ್ಲ. ಹಳಗನ್ನಡದ ೞ ಅಕ್ಷರ ಗೊತ್ತಲ್ಲ? ಏೞು, ಬಾೞೆ ಎಂದು ಬರೆಯುತ್ತಿದ್ದೆವು. ಯೂನಿಕೋಡಿನ ಅಧಿಕೃತ ಪಟ್ಟಿಯಲ್ಲಿ ಅದರ ಹೆಸರೇನು ಗೊತ್ತೇ? ‘ಕನ್ನಡ ಅಕ್ಷರ ಫ’! ಫ್ಯಾನಿನ ಫ! ಯಾರೋ ಎಲ್ಲೋ ತಪ್ಪಾಗಿ ಹೆಸರು ಬರೆದರು.

ತಿದ್ದಬಹುದಲ್ಲ ಎನ್ನುತ್ತೀರಾ? ಆಗುವುದಿಲ್ಲ! ಒಮ್ಮೆ ಕೊಟ್ಟ ಹೆಸರನ್ನು ಎಂದೆಂದಿಗೂ ಬದಲಿಸಬಾರದು ಎಂಬುದು ಯೂನಿಕೋಡಿನ ಕಟ್ಟಾಜ್ಞೆ. ಜಗತ್ತಿನ ತಂತ್ರಾಂಶಗಳೆಲ್ಲ ಆ ಹೆಸರನ್ನು ನಂಬಿ ಕೂತಿರುತ್ತವೆ, ನಡುವೆ ಬದಲಿಸಿದರೆ ಎಲ್ಲವೂ ಕೆಡುತ್ತದೆ. ಕಡೆಗೆ ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರು ಸೇರಿಸಿ ಸಮಾಧಾನ ಮಾಡಿಕೊಂಡರು. ಪಂಪ, ರನ್ನರು ಬರೆದ ಅಕ್ಷರ ದಾಖಲೆಯಲ್ಲಿ ಇಂದಿಗೂ ‘ಫ’ವೇ!

ಕಂಪ್ಯೂಟರ್ ಬರುವ ಮೊದಲು ಇಂಥ ಒಪ್ಪಂದಗಳೇ ಇರಲಿಲ್ಲವೇ? ಇದ್ದವು! 1894ನೇ ಇಸವಿಯನ್ನು ನೋಡಿ. ಮಂಗಳೂರಿನಲ್ಲಿ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಜಿನೀವಾದಲ್ಲಿ ಸೇರಿದ್ದ ಪೌರ್ವಾತ್ಯ ವಿದ್ವಾಂಸರು ಭಾರತದ ಅಕ್ಷರಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಒಂದೇ ಕ್ರಮಕ್ಕೆ ಒಪ್ಪಿದರು. ಭಾರತದಲ್ಲಿ ಜಾರ್ಜ್ ಗ್ರಿಯರ್‌ಸನ್ ಅವರ ಭಾಷಾ ಸಮೀಕ್ಷೆ ಶುರುವಾಯಿತು. ಮೂರೂ ಒಂದೇ ವರ್ಷ!

ಗ್ರಿಯರ್‌ಸನ್ ಸಮೀಕ್ಷೆಯ ತಂತ್ರವೇ ಒಂದು ಸೋಜಿಗ. ನೂರಾರು ಭಾಷೆಗಳನ್ನು ಹೋಲಿಸಬೇಕು. ಒಬ್ಬರು ಹಾಡು, ಇನ್ನೊಬ್ಬರು ಗಾದೆ ಕಳಿಸಿದರೆ ಹೋಲಿಸುವುದು ಹೇಗೆ? ಅದಕ್ಕೇ ಎಲ್ಲರಿಗೂ ಒಂದೇ ಕಥೆ ಕೊಟ್ಟರು. ಬೈಬಲ್ಲಿನ ದುಂದುಗಾರ ಮಗನ ಕಥೆ! ‘ಇದನ್ನು ನಿಮ್ಮೂರ ಮಾತಿನಲ್ಲಿ ಹೇಳಿಸಿ ಬರೆದು ಕಳಿಸಿ’ ಎಂದು ಜಿಲ್ಲೆ ಜಿಲ್ಲೆಯ ಅಧಿಕಾರಿಗಳಿಗೆ ಪತ್ರ ಹೋಯಿತು.

ಆ ಕಥೆಯೇ ಯಾಕೆ? ಅದರಲ್ಲಿ ನಾನು, ನೀನು, ಅವನು ಮೂರೂ ಬರುತ್ತವೆ. ಹೆಚ್ಚುಕಡಿಮೆ ಎಲ್ಲ ವಿಭಕ್ತಿಗಳು ಬರುತ್ತವೆ. ಭೂತ, ವರ್ತಮಾನ, ಭವಿಷ್ಯತ್ತೂ ಬರುತ್ತವೆ. ಒಂದೇ ಕಥೆಯಲ್ಲಿ ಅರ್ಧ ವ್ಯಾಕರಣ ಸಿಕ್ಕಿಬಿಡುತ್ತದೆ! ನಮ್ಮ ಜನರ ಮನಸ್ಸಿಗೆ ನೋವಾಗದಂತೆ ಅಲ್ಲಲ್ಲಿ ಮಾತು ಬದಲಿಸಿದ್ದರು ಎಂಬುದೂ ನಿಜ.

ಕಥೆಯ ಜೊತೆಗೆ 241 ಪದ ಮತ್ತು ವಾಕ್ಯಗಳ ಒಂದು ಪಟ್ಟಿ. ಅದೂ ಎಲ್ಲರಿಗೂ ಒಂದೇ. ಮೂರನೆಯದು ಆ ಊರಿನದೇ ಒಂದು ಕಥೆ ಅಥವಾ ಹಾಡು. ನನಗೆ ಬಹಳ ಇಷ್ಟವಾಗುವುದು ಈ ಮೂರನೆಯದು. ಹೋಲಿಕೆಗೆ ಎರಡು, ಊರಿನ ಸೊಗಸಿಗೆ ಒಂದು!

ಫಲ ಏನು ಗೊತ್ತೇ? 179 ಭಾಷೆ, 544 ಉಪಭಾಷೆ! ಕೆಲಸ ಮುಗಿದಾಗ 1928. ಮೂವತ್ತನಾಲ್ಕು ವರ್ಷ! ಅದರಲ್ಲಿ ಬಹುಪಾಲನ್ನು ಗ್ರಿಯರ್‌ಸನ್ ಮಾಡಿದ್ದು ಇಂಗ್ಲೆಂಡಿನ ಕ್ಯಾಂಬರ್ಲಿ ಎಂಬ ಊರಿನ ತಮ್ಮ ಮನೆಯಲ್ಲಿ ಕೂತು!

ಆ ಸಮೀಕ್ಷೆಯಲ್ಲಿ ಕನ್ನಡದ ಭಾಗ ಬರೆದವರು ಯಾರು ಊಹಿಸಿ. ಇಂಗ್ಲಿಷರಲ್ಲ, ಕನ್ನಡಿಗರೂ ಅಲ್ಲ. ನಾರ್ವೆ ದೇಶದ ಸ್ಟೆನ್ ಕೊನೋ! ಮುಂಡಾ ಮತ್ತು ದ್ರಾವಿಡ ಭಾಷೆಗಳ ಆ ಸಂಪುಟ ಬಂದದ್ದು 1906ರಲ್ಲಿ.

ಈಗ ಕೂತು ಕೇಳಬೇಕಾದ ಸಂಗತಿ. ಭಾರತದ ಆ ಮಹಾ ಸಮೀಕ್ಷೆ ಮೈಸೂರು ಸಂಸ್ಥಾನಕ್ಕೆ ಬರಲೇ ಇಲ್ಲ! ಮದ್ರಾಸ್ ಪ್ರಾಂತಕ್ಕೂ ಹೋಗಲಿಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನವೂ ಹೊರಗೇ ಉಳಿಯಿತು. ಉದಗೀರ, ನಿಲಂಗಾ ಆಗ ನಿಜಾಮರ ಬೀದರ್ ಜಿಲ್ಲೆಯಲ್ಲಿದ್ದವು. ಅಂದರೆ ಜಳಕೋಟದ ಸೀಮೆಯ ಕನ್ನಡವನ್ನು ಯಾರೂ ಕೇಳಲಿಲ್ಲ. ಇಷ್ಟು ದೊಡ್ಡ ಪುಸ್ತಕದಲ್ಲಿ ಇಷ್ಟು ದೊಡ್ಡ ಖಾಲಿ ಜಾಗ! ಬೇಸರವಾಗುವುದಿಲ್ಲವೇ?

1956ರ ನವೆಂಬರ್ 1ರಂದು ಬೀದರ್ ಕರ್ನಾಟಕಕ್ಕೆ, ಅಂದಿನ ಮೈಸೂರು ರಾಜ್ಯಕ್ಕೆ, ಬಂತು. ಅದೇ ಜಿಲ್ಲೆಯ ಅಹ್ಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ರಾತ್ರಿ ಒಂದು ಜಿಲ್ಲೆಯಲ್ಲಿ ಮಲಗಿದವರು ಬೆಳಿಗ್ಗೆ ಬೇರೆ ಬೇರೆ ರಾಜ್ಯಗಳಲ್ಲಿ ಎದ್ದರು!

ಲಾತೂರು ಎಂದರೆ ಕನ್ನಡಕ್ಕೆ ಪರಕೀಯ ಎಂದುಕೊಂಡಿರಾ? ಕವಿರಾಜಮಾರ್ಗ ಹುಟ್ಟಿದ್ದು ರಾಷ್ಟ್ರಕೂಟ ಅಮೋಘವರ್ಷನ ಆಸ್ಥಾನದಲ್ಲಿ. ಆ ವಂಶದವರು ತಮ್ಮನ್ನು ‘ಲಟ್ಟಲೂರ ಪುರವರಾಧೀಶ್ವರ’ರೆಂದು ಕರೆದುಕೊಳ್ಳುತ್ತಿದ್ದರು. ಆ ಲಟ್ಟಲೂರೇ ಇಂದಿನ ಲಾತೂರು ಎನ್ನುತ್ತಾರೆ ವಿದ್ವಾಂಸರು! ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕನ್ನಡ ನಾಡಿನ ಎಲ್ಲೆ ಹೇಳಿದ ಪುಸ್ತಕವೂ ಕವಿರಾಜಮಾರ್ಗವೇ. ಜಳಕೋಟ ಗೋದಾವರಿಯ ಈಚೆಗೇ ಇದೆ.

ಗಡಿಯ ಕನ್ನಡ ಜಗತ್ಪ್ರಸಿದ್ಧವಾದದ್ದು ಮಾತ್ರ ಇನ್ನೊಂದು ಊರಿನಿಂದ. ಸಾಂಗ್ಲಿಯ ಪಕ್ಕದ ಕುಪವಾಡ! ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಈ ಊರಿನ ಬಗ್ಗೆ 1971ರಲ್ಲಿ ಬರೆದ ಲೇಖನ ಲೋಕದ ಭಾಷಾವಿಜ್ಞಾನ ತರಗತಿಗಳಲ್ಲೆಲ್ಲ ಓದಿಸುವಂಥದ್ದು. ಸುಮಾರು 3000 ಜನರ ಹಳ್ಳಿ. ಜೈನರು, ಲಿಂಗಾಯತರು ಆಡುವುದು ಕನ್ನಡ. ಮುಸ್ಲಿಮರದು ಉರ್ದು. ಉಳಿದ ಕೆಲವರದು ಮರಾಠಿ. ಹಗ್ಗ ಹೊಸೆಯುವವರದು ತೆಲುಗು!

ಅವರು ಮಾಡಿದ್ದೇನು? ಒಂದೇ ವಾಕ್ಯವನ್ನು ಉರ್ದು, ಮರಾಠಿ, ಕನ್ನಡಗಳಲ್ಲಿ ಹೇಳಿಸಿದರು. ಒಂದರ ಕೆಳಗೆ ಒಂದನ್ನು ಬರೆದರು. ಪದದ ಕೆಳಗೆ ಪದ, ಪ್ರತ್ಯಯದ ಕೆಳಗೆ ಪ್ರತ್ಯಯ. ‘ಸೊಪ್ಪು ಸ್ವಲ್ಪ ಕೊಯ್ದು ತಗೊಂಡು ಬಂದೆ’ ಎಂಬಂಥ ಮಾತು. ಏನಾಶ್ಚರ್ಯ! ಮೂರೂ ಸಾಲುಗಳು ತುಂಡು ತುಂಡಾಗಿ ಹೊಂದಿಕೊಂಡವು. ಪದಗಳು ಬೇರೆ, ಜೋಡಣೆ ಒಂದೇ!

ಮರಾಠಿಯಲ್ಲಿ ನದಿ ಹೆಣ್ಣು, ಗುಡ್ಡ ಗಂಡು. ಕನ್ನಡದಲ್ಲಿ ಎರಡೂ ‘ಅದು’. ಕುಪವಾಡದ ಮರಾಠಿ ಏನು ಮಾಡಿತ್ತು ಗೊತ್ತೇ? ಕನ್ನಡದ ದಾರಿ ಹಿಡಿದಿತ್ತು! ಮನುಷ್ಯರಿಗಷ್ಟೇ ಗಂಡು ಹೆಣ್ಣು, ಉಳಿದದ್ದೆಲ್ಲ ನಪುಂಸಕ.

ಸಾಲ ಒಂದೇ ಕಡೆಯಿಂದಲ್ಲ. ‘ಇದು ನಿಮ್ಮ ಮನೆ’ ಎನ್ನಲು ನಮಗೆ ಕ್ರಿಯಾಪದ ಬೇಡ. ಮರಾಠಿಗೆ ಬೇಕು. ಕುಪವಾಡದ ಕನ್ನಡಿಗರು ಕೊನೆಗೊಂದು ಕ್ರಿಯಾಪದ ಸೇರಿಸಿಯೇ ಹೇಳುತ್ತಿದ್ದರು! ಗಡಿಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಹೊಸದೇನಲ್ಲ, ಆದರೆ ಕಾಗದದ ಮೇಲೆ ಸಾಬೀತಾದದ್ದು ವಾಕ್ಯಗಳನ್ನು ಒಂದೇ ಸೇರಿನಲ್ಲಿ ಅಳೆದಿದ್ದರಿಂದ.

ಕಥೆ ಅಲ್ಲಿಗೇ ನಿಲ್ಲಲಿಲ್ಲ! ನಲವತ್ತು ವರ್ಷಗಳ ಬಳಿಕ ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ–ಜೋಶಿ ಅದೇ ಊರಿಗೆ ಹೋದರು. ಹಳೆಯ ವಾಕ್ಯಗಳನ್ನು ಮುಂದಿಟ್ಟುಕೊಂಡು ಹೊಸದಾಗಿ ಕೇಳಿದರು. ಹಳೆಯ ತೀರ್ಮಾನವನ್ನು ಇಡಿಯಾಗಿ ಒಪ್ಪಲಾಗದು ಎಂದರು. ಹಳೆಯ ದಾಖಲೆ ಅಷ್ಟು ಅಚ್ಚುಕಟ್ಟಾಗಿ ಇದ್ದದ್ದಕ್ಕೇ ತಾನೇ ಅದನ್ನು ಪ್ರಶ್ನಿಸಲು ಸಾಧ್ಯವಾದದ್ದು?

ಪದದ ಕೆಳಗೆ ಪದ ಬರೆಯುವ ಈ ಕ್ರಮಕ್ಕೆ ಈಗ ಲಿಖಿತ ನಿಯಮಗಳೇ ಇವೆ. ಜರ್ಮನಿಯ ಲೈಪ್‌ಜಿಗ್ ಊರಿನ ಹೆಸರಿನವು. ಎಷ್ಟು ನಿಯಮ? ಬರೀ ಹತ್ತು! ‘ಮನೆಗಳಲ್ಲಿ’ ಎಂಬ ಪದ ತೆಗೆದುಕೊಳ್ಳಿ. ಮನೆ, ಗಳು, ಅಲ್ಲಿ ಎಂದು ಅಡ್ಡಗೆರೆ ಹಾಕಿ ಬಿಡಿಸಿ. ಕೆಳಗೆ ಅರ್ಥ, ಬಹುವಚನ, ಸಪ್ತಮಿ ಎಂದು ಬರೆಯಿರಿ. ಮೇಲೆ ಎಷ್ಟು ಅಡ್ಡಗೆರೆಯೋ ಕೆಳಗೂ ಅಷ್ಟೇ ಇರಬೇಕು. ಕನ್ನಡದ ಗಂಧಗಾಳಿ ಇಲ್ಲದ ಜಪಾನಿನ ವಿದ್ವಾಂಸರಿಗೂ ಪದದ ಒಳಗು ಕಂಡುಬಿಡುತ್ತದೆ!

ಒಂದು ಚುಕ್ಕಿಯ ಮಹಿಮೆ ನೋಡಿ. ಜಳಕೋಟದ ‘ಳ’ವನ್ನು ರೋಮನ್ ಲಿಪಿಯಲ್ಲಿ ‘ಎಲ್’ ಅಕ್ಷರದ ಕೆಳಗೆ ಚುಕ್ಕಿಯಿಟ್ಟು ಬರೆಯುತ್ತಾರೆ. ಸಂಸ್ಕೃತ ವಿದ್ವಾಂಸರ ರೂಢಿಯಲ್ಲಿ ಅದೇ ಚುಕ್ಕಿಯ ಎಲ್ ಎಂದರೆ ಳ ಅಲ್ಲ, ಌ ಎಂಬ ಸ್ವರ! ಈ ಗೊಂದಲ ಬಿಡಿಸಲು 2001ರಲ್ಲಿ ಐಎಸ್‌ಒ 15919 ಎಂಬ ಅಂತರರಾಷ್ಟ್ರೀಯ ಮಾನಕ ಬಂತು. ಚುಕ್ಕಿ ಳಕ್ಕೆ ಉಳಿಯಿತು, ಌಕ್ಕೆ ಪುಟ್ಟ ಉಂಗುರ ಸಿಕ್ಕಿತು!

ಕನ್ನಡಕ್ಕೆ ಜಗತ್ತು ಕೊಟ್ಟ ಅಡ್ಡಹೆಸರು ಗೊತ್ತೇ? ‘ಕೆ–ಎನ್’ ಎಂಬ ಎರಡಕ್ಷರ. ಕನ್ನಡ ವಿಕಿಪೀಡಿಯದ ವಿಳಾಸ ಶುರುವಾಗುವುದೇ ಇದರಿಂದ! ಮೂರಕ್ಷರದ್ದೂ ಇದೆ, ‘ಕೆ–ಎ–ಎನ್’. ಲಿಪಿಗೆ ಬೇರೆಯೇ ನಾಲ್ಕಕ್ಷರ, ‘ಕೆ–ಎನ್–ಡಿ–ಎ’.

ಭಾಷೆಗೊಂದು, ಲಿಪಿಗೊಂದು ಯಾಕೆ? ಜಳಕೋಟದ ಸುತ್ತಿನ ತಾಂಡಾಗಳನ್ನೇ ನೋಡಿ. ಲಂಬಾಣಿಯನ್ನು ಮಹಾರಾಷ್ಟ್ರದಲ್ಲಿ ನಾಗರಿ ಲಿಪಿಯಲ್ಲಿ ಬರೆಯುತ್ತಾರೆ, ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ, ತೆಲಂಗಾಣದಲ್ಲಿ ತೆಲುಗು ಲಿಪಿಯಲ್ಲಿ. ಒಂದೇ ಹಾಡು, ಮೂರು ಲಿಪಿ! ಭಾಷೆಯ ಸಂಕೇತ ‘ಎಲ್–ಎಂ–ಎನ್’ ಎಂದು ಹಾಕಿ, ಮುಂದೆ ಲಿಪಿಯ ಸಂಕೇತ ಸೇರಿಸಿದರೆ ಮೂರೂ ಒಂದೇ ಭಾಷೆ ಎಂದು ಯಂತ್ರಕ್ಕೂ ತಿಳಿಯುತ್ತದೆ.

ಲಂಬಾಣಿಯ ಬಗ್ಗೆ ಜನಗಣತಿ ಏನು ಹೇಳುತ್ತದೆ? 2011ರ ಗಣತಿಯಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ‘ಲಮಾಣಿ/ಲಂಬಾಡಿ’. ಇನ್ನೊಂದು ಸಾಲಿನಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ‘ಬಂಜಾರಿ’. ಎರಡು ಬೇರೆ ಲೆಕ್ಕ! ಅಷ್ಟೇ ಅಲ್ಲ, ಎರಡನ್ನೂ ಸೇರಿಸಿದ್ದು ಯಾವ ಭಾಷೆಯಡಿ ಗೊತ್ತೇ? ಹಿಂದಿ!

ನೀಲಗಿರಿಯ ಬಡಗ ಭಾಷೆ ಅದೇ ಗಣತಿಯಲ್ಲಿ ಕನ್ನಡದ ಒಳಗೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಬೇರೆಯೇ ಭಾಷೆ, ಬೇರೆಯೇ ಸಂಕೇತ! ಹಾಗಾಗಿ ‘ಕನ್ನಡಿಗರು ಎಷ್ಟು’ ಎಂದು ಯಾರಾದರೂ ಕೇಳಿದರೆ, ಯಾವ ಪಟ್ಟಿಯ ಪ್ರಕಾರ ಎಂದು ಮೊದಲು ಕೇಳಿಕೊಳ್ಳಿ.

ಅದೇ ಗಣತಿಯಲ್ಲಿ ಜನ ಹೇಳಿದ ಮಾತೃಭಾಷೆಯ ಹೆಸರುಗಳು 19,569! ಸೋಸಿದಾಗ ಉಳಿದದ್ದು 1,369. ಮತ್ತೆ ಗುಂಪು ಮಾಡಿದಾಗ 121 ಭಾಷೆ. ಹತ್ತೊಂಬತ್ತು ಸಾವಿರ ಎಲ್ಲಿ, ನೂರ ಇಪ್ಪತ್ತೊಂದು ಎಲ್ಲಿ!

ಭಾಷೆಗಳ ನಂಟು ಹುಡುಕುವವರ ಬಳಿ 100 ಪದಗಳ ಒಂದು ಪಟ್ಟಿ ಇರುತ್ತದೆ. ಅಮೆರಿಕದ ಮಾರಿಸ್ ಸ್ವದೇಶ್ ಮಾಡಿದ್ದು. ನಾನು, ನೀನು, ನೀರು, ಬೆಂಕಿ, ಕಣ್ಣು... ಮತ್ತೆ? ಹೇನು! ಹೌದು, ತಲೆಯ ಹೇನು! ಎಲ್ಲ ಜನಕ್ಕೂ ಗೊತ್ತಿರುವ, ಬೇರೆ ಭಾಷೆಯಿಂದ ಸುಲಭವಾಗಿ ಎರವಲು ಬಾರದ ಪದಗಳು ಬೇಕಲ್ಲ, ಹೇನಿಗೆ ಅಲ್ಲಿ ಕಾಯಂ ಜಾಗ. ಅದರ ಉದ್ದನೆಯ ಪಟ್ಟಿಯಲ್ಲಿ ಹಿಮ, ಮಂಜುಗಡ್ಡೆಯೂ ಇವೆ. ಮರಾಠವಾಡದ ಬಿಸಿಲಲ್ಲಿ ಆ ಪ್ರಶ್ನೆ ಕೇಳುವುದನ್ನು ಊಹಿಸಿಕೊಳ್ಳಿ!

ಇಂಥ ನೂರು ಪದಗಳಿಂದ ಏನಾದೀತು? 2018ರಲ್ಲಿ ವಿಷ್ಣುಪ್ರಿಯಾ ಕೋಲಿಪಾಕಂ ಮತ್ತು ಸಂಗಡಿಗರು ಕನ್ನಡವೂ ಸೇರಿ 20 ದ್ರಾವಿಡ ಭಾಷೆಗಳ ಪದಗಳನ್ನು ಮಾತನಾಡುವವರಿಂದಲೇ ಸಂಗ್ರಹಿಸಿ ಲೆಕ್ಕ ಹಾಕಿದರು. ಬಂದ ಉತ್ತರ: ದ್ರಾವಿಡ ಭಾಷಾ ಕುಟುಂಬಕ್ಕೆ ಸುಮಾರು 4,500 ವರ್ಷ! ನೂರು ಪದಗಳು ವಯಸ್ಸು ಹೇಳಿಬಿಟ್ಟವು!

ಮಾತೇ ಇಲ್ಲದ ಚಿತ್ರದಿಂದ ಭಾಷೆ ಅಳೆಯುತ್ತಾರೆ ಎಂದರೆ ನಂಬುತ್ತೀರಾ? 1975ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವ್ಯಾಲೇಸ್ ಚೇಫ್ ಸುಮಾರು ಆರು ನಿಮಿಷದ ಒಂದು ಚಿತ್ರ ಮಾಡಿಸಿದರು. ಹುಡುಗನೊಬ್ಬ ಪೇರ್ ಹಣ್ಣು ಕದ್ದು ಸೈಕಲ್ಲಿನಲ್ಲಿ ಹೋಗುತ್ತಾನೆ. ಒಂದೂ ಸಂಭಾಷಣೆ ಇಲ್ಲ! ದೇಶ ದೇಶದ ಜನರಿಗೆ ತೋರಿಸಿ ‘ಏನಾಯ್ತು ಹೇಳಿ’ ಎಂದು ಕೇಳಿದರು. ದುಂದುಗಾರ ಮಗನ ಜಾಗಕ್ಕೆ ಹಣ್ಣುಕಳ್ಳ ಹುಡುಗ!

ಇಂಥದ್ದೇ ಉಪಾಯ ಇಂದು ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಯ ಮಾತು ಸಂಗ್ರಹಿಸುತ್ತಿದೆ. ಜನರ ಮುಂದೆ ಚಿತ್ರ ಹಿಡಿಯುತ್ತಾರೆ. ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿದರಾಯಿತು!

ಕನ್ನಡದ ಉಪಭಾಷೆಗಳ ಮೊದಲ ಅಚ್ಚುಕಟ್ಟಾದ ಪುಸ್ತಕಗಳು ಎಲ್ಲಿಂದ ಬಂದವು ಹೇಳಿ? ಮೈಸೂರು? ಧಾರವಾಡ? ಅಲ್ಲ, ಪುಣೆ! 1960ರ ದಶಕದಲ್ಲಿ ಡೆಕ್ಕನ್ ಕಾಲೇಜು ಹಾಲಕ್ಕಿ ಕನ್ನಡ, ನಂಜನಗೂಡು ಕನ್ನಡ, ಗುಲಬರ್ಗಾ ಕನ್ನಡ ಎಂದು ಒಂದೊಂದಾಗಿ ಪ್ರಕಟಿಸಿತು. ಮರಾಠಿಯ ರಾಜಧಾನಿ ಕನ್ನಡಕ್ಕೆ ಕೊಟ್ಟ ಉಡುಗೊರೆ!

ಶಾಸನಗಳಿಗೂ ವಿಳಾಸವಿದೆ ಗೊತ್ತೇ? ಬಿ.ಎಲ್. ರೈಸ್ 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟ ತಂದರು. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಎರಡಕ್ಷರ, ಮುಂದೊಂದು ಸಂಖ್ಯೆ. ‘ಎಸ್‌ಕೆ’ ಎಂದರೆ ಶಿಕಾರಿಪುರ, ‘ಎಸ್‌ಬಿ’ ಎಂದರೆ ಸೊರಬ. ನೂರು ವರ್ಷ ದಾಟಿದರೂ ವಿದ್ವಾಂಸರು ಇದೇ ವಿಳಾಸ ಬರೆದು ಕಲ್ಲನ್ನು ಪತ್ತೆ ಹಚ್ಚುತ್ತಾರೆ!

ಪದ ಎಷ್ಟು ಬಗೆ? ಅದಕ್ಕೂ ಒಪ್ಪಂದ. ಭಾರತೀಯ ಭಾಷೆಗಳಿಗೆಂದು ಮಾನಕ ಬ್ಯೂರೊ ಹೆಸರಿನ ಪಟ್ಟಿಯಲ್ಲಿ ನಾಮಪದ, ಕ್ರಿಯಾಪದ ಮೊದಲಾದ 11 ದೊಡ್ಡ ವರ್ಗ. ಜಗತ್ತಿನ ಎಲ್ಲ ಭಾಷೆಗಳಿಗೆಂದು ಮಾಡಿದ ಇನ್ನೊಂದು ಪಟ್ಟಿಯಲ್ಲಿ 17!

ನಿಮ್ಮ ಜೇಬಿನಲ್ಲೂ ಒಂದು ಮಾನಕ ಕೂತಿದೆ. ಭಾರತದಲ್ಲಿ ಮಾರುವ ಪ್ರತಿ ಮೊಬೈಲೂ ಸಂವಿಧಾನದ 22 ಭಾಷೆಗಳ ಸಂದೇಶವನ್ನು ತೋರಿಸಲೇಬೇಕು. ಐಎಸ್ 16333 ಎಂಬ ನಿಯಮ. ಸಂತಾಲಿ ಬಾರದಿದ್ದರೂ ನಿಮ್ಮ ಫೋನಿಗೆ ಸಂತಾಲಿ ಲಿಪಿ ಗೊತ್ತು!

ಇನ್ನೊಂದು ಸ್ವಾರಸ್ಯ. ಗ್ರಿಯರ್‌ಸನ್ ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್ ಕೌಂಟಿಯಲ್ಲಿ. ಇಂದು ಧ್ವನಿಮುದ್ರಣಗಳಿಗೆ ಹಚ್ಚುವ ವಿವರಪಟ್ಟಿಯ ಹೆಸರು ‘ಡಬ್ಲಿನ್ ಕೋರ್’. ನಂಟಿದೆಯೇ? ಇಲ್ಲ! ಅದು ಅಮೆರಿಕದ ಒಹಾಯೊ ರಾಜ್ಯದ ಬೇರೊಂದು ಡಬ್ಲಿನ್. 1995ರಲ್ಲಿ ಅಲ್ಲಿ ಸೇರಿದವರು ಆರಂಭಿಸಿದ್ದು. ಯಾರು, ಯಾವಾಗ, ಯಾವ ಭಾಷೆ ಎಂಬಂಥ ಬರೀ 15 ಅಂಶಗಳು ಸಾಕು. ಭಾಷಾ ಸಂಗ್ರಹಗಳ ಜಾಗತಿಕ ಒಕ್ಕೂಟವೂ ಇದರ ಮೇಲೇ ತನ್ನ ಪಟ್ಟಿ ಕಟ್ಟಿಕೊಂಡಿದೆ.

ಗ್ರಿಯರ್‌ಸನ್ ಕಾಲದಲ್ಲಿ ಗ್ರಾಮಫೋನ್ ತಟ್ಟೆಗಳಲ್ಲೂ ಮಾತು ಹಿಡಿದಿಟ್ಟಿದ್ದರು. ಅದೇ ದುಂದುಗಾರ ಮಗನ ಕಥೆ, ಬೇರೆ ಬೇರೆ ಬಾಯಲ್ಲಿ! ಆ ಧ್ವನಿಗಳನ್ನು ಷಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ಗ್ರಂಥಾಲಯದಲ್ಲಿ ಇಂದು ಮನೆಯಲ್ಲೇ ಕೂತು ಕೇಳಬಹುದು. ಭಾಷೆ, ಊರು, ಮಾತನಾಡಿದವರು ಎಂಬ ವಿವರ ಅಂದೇ ಬರೆದಿಟ್ಟದ್ದರಿಂದ ನೂರು ವರ್ಷದ ಮೇಲೂ ಅವು ಬಳಕೆಗೆ ಬರುತ್ತಿವೆ!

ಈಗ ನಿಮ್ಮ ಸರದಿ. ಜಳಕೋಟ, ನಿಲಂಗಾ, ಉಮರ್ಗಾ, ಉದಗೀರ ಕಡೆಯ ಕನ್ನಡ ಆಡುವ ಹಿರಿಯರು ನಿಮ್ಮ ಮನೆಯಲ್ಲಿದ್ದಾರೆಯೇ? ಫೋನ್ ಎತ್ತಿಕೊಳ್ಳಿ. ಒಂದು ಕಥೆ ಹೇಳಿಸಿ. ಧ್ವನಿಮುದ್ರಣದ ಮೊದಲಿಗೇ ಹೇಳುವವರ ಹೆಸರು, ಊರು, ತಾರೀಖು, ಭಾಷೆ ಹೇಳಿಸಿ. ಬರೆದಿಡುವಾಗ ಯೂನಿಕೋಡಿನಲ್ಲೇ ಬರೆಯಿರಿ, ಅವರು ಹೇಳಿದ ಹಾಗೇ ಬರೆಯಿರಿ, ‘ಶುದ್ಧ’ ಮಾಡಬೇಡಿ. ಮತ್ತೆ, ಅವರ ಒಪ್ಪಿಗೆ ಕೇಳದೆ ಯಾರಿಗೂ ಕಳಿಸಬೇಡಿ!